ಮಕ್ಕಳ ಪಾಲಿಗೊಂದು ಪಾತಿ

ಶಾಲೆಗಳು ಮತ್ತೆ ತೆರೆಯುವ ಹೊತ್ತು ಬಂದಿದೆ. ಮನೆಮನೆಗಳಲ್ಲಿ ಹೊಸ ಕೊಡೆ ಕೊಳ್ಳುವ, ಪುಸ್ತಕಗಳಿಗೆ ಹೊದಿಕೆ ಹಾಕುವ ಗಡಿಬಿಡಿ. ಪಡುವಣದಲ್ಲಿ ಮೋಡಗಳು ಕಟ್ಟತೊಡಗಿವೆ. ಇನ್ನು ಕೆಲವೇ ದಿನಗಳಲ್ಲಿ ಮಳೆಗಾಲವು ನಮ್ಮ ಕರಾವಳಿಗೆ ಕಾಲಿಡಲಿದೆ. ಒಂದು ಕಾಲದಲ್ಲಿ ಈ ದಿನಗಳು ನಮ್ಮ ಕುಟುಂಬಗಳಲ್ಲಿ ಇನ್ನೊಂದು ಸಿದ್ಧತೆಯ ದಿನಗಳೂ ಆಗಿದ್ದವು. ಅಡುಗೆಮನೆಯ ಒಲೆಯ ಮೇಲೆ, ಹೊಗೆಯಲ್ಲಿ ತೂಗುಹಾಕಿದ್ದ ಹೀರೆ, ಬೆಂಡೆ, ಅಲಸಂಡೆಗಳ ಒಣಕಾಯಿಗಳನ್ನು ಅಜ್ಜಿ ಕೆಳಗಿಳಿಸುತ್ತಿದ್ದಳು. ಬೀಜ ಬಿಡಿಸಿ, ಜೊಳ್ಳನ್ನು ಊದಿ, ಗಟ್ಟಿಯಾದುವನ್ನು ಮೊಮ್ಮಕ್ಕಳ ಅಂಗೈಗೆ ಎಣಿಸಿ ಹಾಕುತ್ತಿದ್ದಳು. ನಮ್ಮ ಬಾಲ್ಯದಲ್ಲಿ, ಎಂದರೆ 1970ರ ದಶಕದಲ್ಲಿ, ಶಾಲೆಯ ಪಾಟಿಚೀಲಕ್ಕಿಂತ ಮೊದಲು ನಮ್ಮ ಕೈಗೆ ಬಂದದ್ದು ಆ ಬೀಜಗಳೇ.

ಇಂದು ಆ ಹಿತ್ತಿಲು ಎಲ್ಲಿದೆ? ಹಲವು ಮನೆಗಳಲ್ಲಿ ಅದರ ಮೇಲೆ ಇಂಟರ್‌ಲಾಕ್ ಹಾಸು ಬಂದು ಕುಳಿತಿದೆ. ಮಳೆಗೆ ಕೆಸರಾಗಬಾರದು, ವಾಹನ ನಿಲ್ಲಲು ಜಾಗವಿರಬೇಕು ಎಂಬುದು ಕಾರಣ. ತರಕಾರಿಯ ಬಹುಪಾಲು ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಇಳಿದುಬರುತ್ತದೆ. ಇದಕ್ಕಾಗಿ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿದು ಬರುವ ತಂದೆತಾಯಿಗಳ ಕಷ್ಟವನ್ನು ನಾವು ಬಲ್ಲೆವು. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯಲ್ಲಿ ಬಿತ್ತುವವನ ಸಾಮತಿಯನ್ನು ವಿವರಿಸುತ್ತಿದ್ದಾಗ, ಬೆಂಡೆಕಾಯಿ ಬೆಳೆಯುವುದು ಗಿಡದಲ್ಲೋ, ಬಳ್ಳಿಯಲ್ಲೋ, ನೆಲದೊಳಗೋ ಎಂದು ಮಕ್ಕಳನ್ನು ಸುಮ್ಮನೆ ಕೇಳಿದೆವು. ಮೂರು ಉತ್ತರಗಳಿಗೂ ಕೈಗಳೆದ್ದವು. ಮುಳ್ಳಿನ ನೆಲ, ಕಲ್ಲಿನ ನೆಲ, ಹದವಾದ ನೆಲ ಎಂಬ ಭೇದವನ್ನು ಎಂದೂ ಕಾಣದ ಮಗುವಿಗೆ ಆ ಸಾಮತಿ ಹೇಗೆ ತಾನೇ ಅರ್ಥವಾಗಬೇಕು?

ಅಂದಿನಿಂದ ನಾವು ಮಕ್ಕಳೊಡನೆ ತರಕಾರಿ ಬೆಳೆಯುವ ಕೆಲಸಕ್ಕೆ ಇಳಿದೆವು. ಅದರಲ್ಲಿ ಕಲಿತದ್ದನ್ನು, ಅದಕ್ಕಿಂತ ಹೆಚ್ಚಾಗಿ ಎಡವಿದ್ದನ್ನು, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾಡಿದ ವಸ್ತು, ಬೆಳೆದ ವಸ್ತು

ಮೊದಲಿಗೇ ಒಂದು ಮಾತು. ಮನೆಯ ತರಕಾರಿ ತೋಟದಿಂದ ಸಂಸಾರದ ಖರ್ಚು ಬಹಳ ಇಳಿಯುತ್ತದೆ ಎಂಬ ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಮೂರಡಿ ಅಗಲ, ಆರಡಿ ಉದ್ದದ ಒಂದು ಪಾತಿ ಇಡೀ ಕುಟುಂಬವನ್ನು ಸಾಕುವುದಿಲ್ಲ. ವಾರಕ್ಕೆರಡು ಪಲ್ಯಕ್ಕೆ ಒದಗಿದರೆ ದೊಡ್ಡದು. ಹಾಗಾದರೆ ಈ ಶ್ರಮವೇಕೆ?

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಅರಿಸ್ಟಾಟಲನ ಒಂದು ವಿಚಾರವನ್ನು ನಾವು ಕಂಠಪಾಠ ಮಾಡಿದ್ದೆವು. ಪ್ರಕೃತಿಯಿಂದ ಹುಟ್ಟಿದ ವಸ್ತುವಿಗೆ ತನ್ನ ಚಲನೆಯ ಮೂಲ ತನ್ನೊಳಗೇ ಇರುತ್ತದೆ; ಮನುಷ್ಯನು ಮಾಡಿದ ವಸ್ತುವಿಗೆ ಅದು ಹೊರಗಿನಿಂದ ಬರುತ್ತದೆ. ಇದಕ್ಕೆ ಅವನು ಆಂಟಿಫೋನನೆಂಬವನ ಉದಾಹರಣೆಯನ್ನು ತೆಗೆದುಕೊಳ್ಳುತ್ತಾನೆ: ಒಂದು ಮಂಚವನ್ನು ಮಣ್ಣಿನಲ್ಲಿ ಹೂತು, ಅದು ಕೊಳೆತು ಒಂದು ವೇಳೆ ಚಿಗುರಿದರೂ ಹೊರಬರುವುದು ಮರವೇ ಹೊರತು ಇನ್ನೊಂದು ಮಂಚವಲ್ಲ. ಅಂದು ಆ ಮಂಚದ ಮಾತಿಗೆ ನಾವೆಲ್ಲ ನಕ್ಕಿದ್ದೆವು. ಅದರ ತೂಕ ತಿಳಿದದ್ದು ಬಹಳ ವರ್ಷಗಳ ಅನಂತರ, ಮಕ್ಕಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬೆಂಡೆಯ ಮೊಳಕೆಗಾಗಿ ಕಾಯುವಾಗ.

ಇಂದಿನ ಮಗುವಿನ ಸುತ್ತಲಿನ ವಸ್ತುಗಳನ್ನು ಗಮನಿಸಿ. ಗುಂಡಿ ಒತ್ತಿದರೆ ಗಾಳಿ, ಬೆರಳು ಸವರಿದರೆ ಚಿತ್ರ, ಕೇಳಿದರೆ ಬಾಗಿಲಿಗೆ ತಿಂಡಿ. ಇವೆಲ್ಲ ಮಾಡಿದ ವಸ್ತುಗಳು; ಮಗುವಿನ ಆಜ್ಞೆಗೆ ಕಾದಿರುವ ವಸ್ತುಗಳು. ಬೀಜವಾದರೋ ಯಾರ ಆಜ್ಞೆಯನ್ನೂ ಕೇಳುವುದಿಲ್ಲ. ಅದಕ್ಕೆ ನಾವು ಮಣ್ಣು, ನೀರು, ಬೆಳಕು, ಆಸರೆ ಕೊಡಬಹುದು. ಬೆಳೆಯುವ ಕೆಲಸವನ್ನು ಅದೇ ಮಾಡಿಕೊಳ್ಳಬೇಕು. ಸಂತ ತೋಮಾಸ್ ಅಕ್ವಿನಾಸರು ಗುರುವಿನ ಕೆಲಸವನ್ನು ವೈದ್ಯನ ಕೆಲಸಕ್ಕೆ ಹೋಲಿಸಿದ್ದುಂಟು: ಗುಣವಾಗುವ ಶಕ್ತಿ ರೋಗಿಯೊಳಗಿದೆ, ವೈದ್ಯನು ಅದಕ್ಕೆ ನೆರವಾಗುತ್ತಾನೆ ಅಷ್ಟೆ. ಬೀಜಕ್ಕೆ ನಾವು ಹೇಗೋ, ಮಗುವಿಗೂ ಹಾಗೆಯೇ. ತೋಟದಲ್ಲಿ ಈ ಪಾಠವು ಮಗುವಿಗೆಷ್ಟೋ ಅಷ್ಟೇ ತಂದೆತಾಯಿಗಳಿಗೂ ಆಗುತ್ತದೆ.

ಇದು ಹೊಸ ಮಾತೇನೂ ಅಲ್ಲ. ನಮ್ಮ ಮಕ್ಕಳನ್ನು ನಾವು ಎಲ್‌ಕೆಜಿ, ಯುಕೆಜಿ ಎಂದು ಕಳುಹಿಸುತ್ತೇವಲ್ಲ, ಅದರಲ್ಲಿನ ‘ಕೆಜಿ’ ಎಂದರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ‘ಮಕ್ಕಳ ತೋಟ’ ಎಂದರ್ಥ. ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು 1840ರಲ್ಲಿ ತನ್ನ ಶಾಲೆಗೆ ಈ ಹೆಸರನ್ನಿಟ್ಟನು. ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಅವನು ಪ್ರತಿಯೊಂದು ಮಗುವಿಗೂ ಸ್ವಂತದ್ದೆಂದು ಒಂದು ಪುಟ್ಟ ಪಾತಿಯನ್ನು, ಎಲ್ಲ ಮಕ್ಕಳೂ ಸೇರಿ ನೋಡಿಕೊಳ್ಳಲು ಸಾಮಾನ್ಯ ಪಾತಿಗಳನ್ನು ಇರಿಸಿದ್ದನು. ಇಂದು ಹೆಸರು ಉಳಿದಿದೆ. ತೋಟ ಮಾತ್ರ ಅಪರೂಪವಾಗಿದೆ.

ನಾವು ಮಾಡಿದ ಎರಡು ತಪ್ಪುಗಳು

ಮೊದಲನೆಯ ವರ್ಷ ನಾವು ಗುರುನಿವಾಸದ ಹಿಂದಿನ ಜಾಗವನ್ನು ಕೂಲಿಯಾಳಿನಿಂದ ಅಗೆಸಿದೆವು, ಅವನಿಂದಲೇ ಸಾಲು ಮಾಡಿಸಿದೆವು. ಒಂದು ಭಾನುವಾರ ಪೂಜೆಯ ಬಳಿಕ ಮಕ್ಕಳನ್ನು ಕರೆದು ತಲಾ ಎರಡು ಬೀಜ ಹಾಕಿಸಿ, ಭಾವಚಿತ್ರ ತೆಗೆಸಿದೆವು. ತರಕಾರಿಯೇನೋ ಬಂತು. ಆದರೆ ಕೊಯ್ಲಿನ ದಿನ ಮಕ್ಕಳು ಅತಿಥಿಗಳಂತೆ ಬಂದು ನೋಡಿ ಹೋದರು. ಬೀಜಕ್ಕೂ ಕಾಯಿಗೂ ನಡುವಿನ ಐವತ್ತು ದಿನಗಳು ಅವರದಾಗಿರಲಿಲ್ಲ. ಹೀಗಿರುವಾಗ ಕಾಯಿ ಅವರದಾಗುವುದೆಂತು?

ಎರಡನೆಯ ವರ್ಷ ಕ್ರಮವನ್ನು ಬದಲಾಯಿಸಿದೆವು. ಅಗೆಯುವುದು, ಗೊಬ್ಬರ ಹೊರುವುದು, ಬಿತ್ತುವುದು ಎಲ್ಲವೂ ಮಕ್ಕಳಿಂದಲೇ. ಒಬ್ಬೊಬ್ಬರಿಗೂ ಒಂದೊಂದು ಗಿಡ, ಒಂದೊಂದು ನೋಟುಪುಸ್ತಕ. ಆಗ ನಡೆದ ಒಂದು ಪ್ರಸಂಗವನ್ನು, ಹೇಳಲು ಸಂಕೋಚವಾದರೂ, ಹೇಳಲೇಬೇಕು.

ನಾಲ್ಕನೆಯ ತರಗತಿಯ ಹುಡುಗನೊಬ್ಬನ ಬೆಂಡೆಸಸಿಯು ಜೂನ್ ಕೊನೆಯ ಭಾರೀ ಮಳೆಗೆ ಬುಡದಲ್ಲಿ ಕೊಳೆತು ಮಲಗಿಬಿಟ್ಟಿತು. ಭಾನುವಾರ ಬೆಳಿಗ್ಗೆ ನಾವು ಅದನ್ನು ಕಂಡೆವು. ಹುಡುಗನು ಸ್ವಭಾವತಃ ಮೃದು. ಮನೆಯಲ್ಲಿ ಆ ದಿನಗಳಲ್ಲಿ ಬೇರೆ ಕಷ್ಟಗಳೂ ಇದ್ದವು. ಅವನ ಮನಸ್ಸು ನೋಯಬಾರದೆಂದು, ನಮ್ಮ ಅಡುಗೆಮನೆಯ ಹಿಂದೆ ನಾವೇ ಹಾಕಿದ್ದ ಅಷ್ಟೇ ಎತ್ತರದ ಸಸಿಯನ್ನು ಮಣ್ಣು ಸಹಿತ ಕಿತ್ತು ಅಲ್ಲಿ ನೆಟ್ಟು, ಸತ್ತದ್ದನ್ನು ಗೊಬ್ಬರದ ಗುಂಡಿಗೆ ಎಸೆದೆವು. ಪೂಜೆ ಮುಗಿಸಿ ಬಂದ ಹುಡುಗನು ಅದರ ಮುಂದೆ ಬಹಳ ಹೊತ್ತು ಕುಳಿತನು. ಆಮೇಲೆ ಎದ್ದು ಬಂದು, “ಫಾದರ್, ಇದು ನನ್ನ ಗಿಡ ಅಲ್ಲ. ನನ್ನದರ ಎರಡನೇ ಎಲೆಯಲ್ಲಿ ಹುಳ ತಿಂದ ತೂತು ಇತ್ತು” ಎಂದನು. ನೋಟುಪುಸ್ತಕ ತೆರೆದು ತೋರಿಸಿದನು. ಎಲೆಯ ಚಿತ್ರವಿತ್ತು, ಅದರಲ್ಲಿ ತೂತೂ ಇತ್ತು.

ನಾವು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಆದರೆ ಕೈಯಿಂದ ಹೇಳಿದ್ದೆವು. ನಮಗೆ ತೋಚಿದ್ದು ಒಂದೇ: ನಡೆದುದನ್ನು ನಡೆದಂತೆ ಹೇಳಿ ಅವನ ಕ್ಷಮೆ ಕೇಳಿದೆವು. ಅವನು ಅಳಲಿಲ್ಲ. “ನನ್ನದು ಎಲ್ಲಿದೆ?” ಎಂದಷ್ಟೇ ಕೇಳಿದನು. ಗೊಬ್ಬರದ ಗುಂಡಿಯಿಂದ ಅದನ್ನು ಹುಡುಕಿ ತಂದು ಬುಡವನ್ನು ಮುಟ್ಟಿ ನೋಡಿದನು, ಮೆತ್ತಗಾಗಿತ್ತು. ಆಮೇಲೆ ಇಬ್ಬರೂ ಸೇರಿ ಪಾತಿಯನ್ನು ಪರೀಕ್ಷಿಸಿದೆವು. ಆ ಮೂಲೆಯಲ್ಲಿ ಏರಿ ತಗ್ಗಾಗಿ ನೀರು ನಿಲ್ಲುತ್ತಿತ್ತು. ಅಲ್ಲಿ ಮಣ್ಣು ಹಾಕಲು ಉದಾಸೀನ ಮಾಡಿದ್ದು ಮಗುವಲ್ಲ, ನಾವೇ. ಅಂದೇ ಅವನು ಒಂದು ಸಣ್ಣ ಕಣಿ ತೋಡಿ ನೀರನ್ನು ಹೊರಕ್ಕೆ ಹರಿಯಬಿಟ್ಟನು, ಹೊಸ ಬೀಜ ಹಾಕಿದನು. ನಾವು ನೆಟ್ಟ ಗಿಡವನ್ನು ಮರಳಿ ನಮಗೇ ಒಪ್ಪಿಸಿದನು.

ಮಕ್ಕಳನ್ನು ನೋವಿನಿಂದ ಕಾಪಾಡುವ ನೆವದಲ್ಲಿ ನಾವು ಅವರ ಕೆಲಸವನ್ನೇ ಅವರಿಂದ ಕಿತ್ತುಕೊಳ್ಳುತ್ತೇವೆ. ಅರ್ಧರಾತ್ರಿಯಲ್ಲಿ ಮಗುವಿನ ಶಾಲೆಯ ಮಾದರಿಯನ್ನು ತಾನೇ ಅಂಟಿಸಿ ಮುಗಿಸುವ ತಂದೆ, ಬರೆಹವನ್ನು ತಾನೇ ತಿದ್ದಿ ಬರೆಯುವ ತಾಯಿ ನಮಗಿಂತ ಬೇರೆಯೇನೂ ಮಾಡುತ್ತಿಲ್ಲ. ಆದುದರಿಂದ ಮಗುವಿಗೆ ಪಾತಿ ಕೊಡುವ ಮೊದಲು ಹಿರಿಯರು ಒಂದು ನಿರ್ಧಾರಕ್ಕೆ ಬರಬೇಕು. ಮಗುವಿನ ಗಿಡ ಸತ್ತರೆ, ಸತ್ತಿತೆಂದೇ ಮಗುವಿಗೆ ತಿಳಿಯಬೇಕು.

ಪಾತಿಯ ಸಿದ್ಧತೆ

ಇನ್ನು ಕೆಲಸದ ಮಾತು. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳಬೇಕು. ತೆಂಗು, ಹಲಸಿನ ನೆರಳಿನಲ್ಲಿ ಬಳ್ಳಿ ಹಬ್ಬುತ್ತದೆ, ಕಾಯಿ ಬಿಡುವುದಿಲ್ಲ. ಬಾವಿಗೆ, ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದಷ್ಟೂ ಮೇಲು. ದಿನಕ್ಕೆ ನಾಲ್ಕು ಬಾರಿ ಕಣ್ಣಿಗೆ ಬೀಳುವ ಗಿಡ ಸೊರಗುವುದಿಲ್ಲ. ಮೊದಲನೆಯ ವರ್ಷ ಒಂದೇ ಪಾತಿ ಸಾಕು. ಅಗಲ ಮೂರಡಿಗೆ ಮೀರಬಾರದು, ಏಕೆಂದರೆ ಮಗುವಿನ ಕೈ ಎರಡೂ ಬದಿಗಳಿಂದ ನಡುವಿನವರೆಗೆ ಎಟುಕಬೇಕು, ಕಾಲು ಪಾತಿಯ ಮೇಲೆ ಬೀಳಬಾರದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಆದುದರಿಂದ ಮಳೆಗಾಲದ ಪಾತಿಯನ್ನು ಒಂದಡಿಯಷ್ಟು ಎತ್ತರಿಸಿ, ಸುತ್ತಲೂ ನೀರು ಹರಿದುಹೋಗಲು ಕಣಿ ತೋಡುವುದು ಅತ್ಯಗತ್ಯ. ನಮ್ಮ ಹುಡುಗನ ಸಸಿ ಕಲಿಸಿದ ಪಾಠ ಇದೇ. ಬೇಸಿಗೆಯಲ್ಲಾದರೆ ನೀರು ನಿಲ್ಲಲೆಂದು ಪಾತಿಯನ್ನು ತುಸು ತಗ್ಗಾಗಿ ಮಾಡಬೇಕು.

ಮುರಕಲ್ಲು ನೆಲದ ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು, ಮಳೆಗೆ ಸತ್ವ ಕಳೆದುಕೊಂಡದ್ದು. ಹಿರಿಯರು ಒಲೆಯ ಬೂದಿಯನ್ನು, ಸುಡುಮಣ್ಣನ್ನು ಹಿತ್ತಿಲಿಗೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಬೂದಿಯು ಹುಳಿಯನ್ನು ತಗ್ಗಿಸುತ್ತದೆ, ಗಿಡಕ್ಕೆ ಪೊಟ್ಯಾಷನ್ನೂ ಒದಗಿಸುತ್ತದೆ. ಮೇಲೆ ಹೇಳಿದ ಅಳತೆಯ ಪಾತಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ನಾಲ್ಕೈದು ಹಿಡಿ ಬೂದಿ ಸಾಕು. ಹಸಿ ಸೆಗಣಿಯನ್ನು ಹಾಕಬಾರದು. ಅದರ ಕಾವಿಗೆ ಎಳೆಯ ಬೇರು ಸುಡುತ್ತದೆ, ಗೊಬ್ಬರದ ಹುಳುಗಳೂ ಸೇರುತ್ತವೆ. ಗೊಬ್ಬರವನ್ನು ಮಗು ತನ್ನ ಕೈಯಿಂದಲೇ ಪುಡಿಮಾಡಲಿ. ಆರಂಭದಲ್ಲಿ ಮೂಗು ಮುಚ್ಚಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಮರೆಯುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಾತ್ರ ತಪ್ಪಿಸಬಾರದು.

ನೆಲವಿಲ್ಲದವರು, ಪಟ್ಟಣದ ಬಹುಮಹಡಿ ಮನೆಗಳಲ್ಲಿರುವವರು ನಿರಾಶರಾಗಬೇಕಾಗಿಲ್ಲ. ಒಂದಡಿ ಆಳದ ಹಳೆಯ ಬಕೆಟ್ಟಿಗೆ ತಳದಲ್ಲಿ ನಾಲ್ಕಾರು ತೂತು ಕೊರೆದು, ಅರ್ಧ ಮಣ್ಣು, ಅರ್ಧ ಗೊಬ್ಬರ ಮತ್ತು ತುಸು ಮರಳು ತುಂಬಿದರೆ ಒಂದು ಬೆಂಡೆಗಿಡ ಸುಖವಾಗಿ ಬೆಳೆಯುತ್ತದೆ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಮಗುವಿಗೊಂದು ಬಕೆಟ್ಟು ಇದ್ದರೆ ಅದೇ ಪಾತಿ.

ಬಿತ್ತನೆ ಮತ್ತು ಕಾಯುವಿಕೆ

ಮೊದಲ ಮಳೆಗಾಲಕ್ಕೆ ಬೆಂಡೆ, ಅಲಸಂಡೆ, ಹೀರೆ ಈ ಮೂರೇ ಸಾಕು. ಮೂರರ ಬೀಜಗಳೂ ದೊಡ್ಡವು, ಪುಟ್ಟ ಬೆರಳುಗಳಿಗೆ ಸಿಗುವಂಥವು. ಹರಿವೆಯ ಸಾಸಿವೆಗಿಂತ ಸಣ್ಣ ಬೀಜವನ್ನು ಮರಳಿನೊಡನೆ ಬೆರೆಸಿ ಚೆಲ್ಲುವ ಕೆಲಸವನ್ನು ಮಳೆ ಕಡಿಮೆಯಾದ ಅಕ್ಟೋಬರಿಗೆ ಇಟ್ಟುಕೊಳ್ಳಬಹುದು. ಬಿತ್ತಿದ ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಐದು ವರ್ಷಕ್ಕಿಂತ ಚಿಕ್ಕ ಮಗುವಿಗೆ ಬಸಳೆಯ ಒಂದು ತುಂಡು ದಂಟು ಕೊಡಿ. ಮಣ್ಣಿಗೆ ಚುಚ್ಚಿದರೆ ಸಾಕು, ಅದು ಬೇರು ಬಿಟ್ಟುಕೊಳ್ಳುತ್ತದೆ. ಎಳೆಯ ಮಗುವಿನ ತಾಳ್ಮೆಯನ್ನು ಅದು ಬಹಳ ಪರೀಕ್ಷಿಸುವುದಿಲ್ಲ.

ಬೀಜವನ್ನು ನೆರೆಮನೆಯ ಹಿರಿಯರಿಂದ ಕೇಳಿ ತರುವುದು ಉತ್ತಮ. ಅಂಗಡಿಯ ಪೊಟ್ಟಣದ ಬೀಜಗಳಿಗೆ ಗುಲಾಬಿ ಅಥವಾ ನೀಲಿ ಬಣ್ಣ ಬಳಿದಿದ್ದರೆ ಅದು ಶಿಲೀಂಧ್ರನಾಶಕದ ಲೇಪವಾಗಿರುತ್ತದೆ. ಮಕ್ಕಳ ಕೈಗೆ ಅಂಥದ್ದನ್ನು ಕೊಡದಿರುವುದೇ ಲೇಸು. ಲೇಪವಿಲ್ಲದ ಬೆಂಡೆಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆರಳಿನ ಒಂದು ಗೆಣ್ಣಿನಷ್ಟು ಆಳದಲ್ಲಿ, ಗುಳಿಗೆ ಎರಡರಂತೆ, ಒಂದೂವರೆ ಅಡಿ ಅಂತರದಲ್ಲಿ ಊರಬೇಕು. ನಮ್ಮ ಅಳತೆಯ ಪಾತಿಯಲ್ಲಿ ಎಂಟು ಬೆಂಡೆಗಿಡಗಳು ಹಿಡಿಯುತ್ತವೆ. ಅಲಸಂಡೆಯನ್ನು, ಹೀರೆಯನ್ನು ಬೇಲಿಯ ಬದಿಯಲ್ಲಿ ಹಾಕಿ ಕೋಲು ಊರಿದರೆ, ಅವು ಪಾತಿಯ ಜಾಗವನ್ನು ಕೇಳುವುದಿಲ್ಲ.

ಬಿತ್ತಿದ ನಾಲ್ಕರಿಂದ ಏಳು ದಿನಗಳೊಳಗೆ ಮೊಳಕೆ ಕಾಣುತ್ತದೆ. ಈ ನಡುವಿನ ದಿನಗಳೇ ಅತ್ಯಂತ ಕಠಿಣ. ಮೊಳೆತಿದೆಯೇ ಎಂದು ಮೂರನೆಯ ದಿನ ಮಣ್ಣು ಕೆದಕಿ ನೋಡದ ಮಗುವನ್ನು ನಾವು ಇದುವರೆಗೆ ಕಂಡಿಲ್ಲ. ಗದರಿಸಬೇಡಿ. ಅದಕ್ಕೊಂದು ಉಪಾಯವಿದೆ: ಗಾಜಿನ ಲೋಟದ ಒಳಬದಿಗೆ ಒದ್ದೆ ಕಾಗದವನ್ನು ಒತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಎರಡು ಅಲಸಂಡೆ ಬೀಜಗಳನ್ನು ಇರಿಸಿ. ಮಣ್ಣಿನೊಳಗೆ ನಡೆಯುವುದೆಲ್ಲ ಅಲ್ಲಿ ಕಣ್ಣೆದುರಿಗೇ ನಡೆಯುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ. ಲೋಟವನ್ನು ಓರೆ ಮಾಡಿದರೂ ಅದು ಮರುದಿನ ಕೆಳಮುಖವಾಗಿಯೇ ತಿರುಗುತ್ತದೆ. ಆಮೇಲೆ ಕಾಂಡವು ಬೆನ್ನು ಬಾಗಿಸಿಕೊಂಡು ಮೇಲೆದ್ದು, ಬೇಳೆಗಳೆರಡನ್ನೂ ಎಳೆದು ತಂದು ತಲೆಯೆತ್ತುತ್ತದೆ. ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ, ಬಿತ್ತಿದವನು ಮಲಗಿದ್ದಾಗಲೂ ಬೆಳೆಯುವ ಬೀಜದ ಸಾಮತಿಯಿದೆ. ಲೋಟವನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಮಲಗಿ, ಬೆಳಿಗ್ಗೆ ಬೆರಳಗಲ ಬೆಳೆದದ್ದನ್ನು ಕಂಡ ಮಗುವಿಗೆ ಅದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಗುಳಿಯ ಎರಡು ಸಸಿಗಳಲ್ಲಿ ದುರ್ಬಲವಾದುದನ್ನು ಎರಡು ವಾರಗಳ ಬಳಿಕ ತೆಗೆಯಬೇಕು. ಇದೂ ಮಕ್ಕಳಿಗೆ ಕಷ್ಟದ ಕೆಲಸ. ಏಕೆ ತೆಗೆಯಬೇಕೆಂಬುದನ್ನು ಹೇಳಿ, ಯಾವುದನ್ನೆಂದು ಮಗುವೇ ನಿರ್ಧರಿಸಲಿ.

ನೋಟುಪುಸ್ತಕವನ್ನು ತಪ್ಪದೆ ಇಡಿಸಿ. ಬಿತ್ತಿದ ದಿನ, ಮೊಳೆತ ದಿನ, ವಾರಕ್ಕೊಮ್ಮೆ ಎತ್ತರ, ಎಲೆಗಳ ಲೆಕ್ಕ, ಒಂದು ಚಿತ್ರ, ಅಷ್ಟೇ ಸಾಕು. ಬ್ರನೋ ಪಟ್ಟಣದ ಅಗಸ್ಟಿನ್ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿಯು 1856ರಿಂದ 1863ರವರೆಗೆ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಬೀಜಗಳನ್ನು ಬಣ್ಣ, ಆಕಾರಗಳ ಪ್ರಕಾರ ಎಣಿಸುತ್ತಾ ಹೋದನು. 1866ರಲ್ಲಿ ಪ್ರಕಟವಾದ ಅವನ ಲೆಕ್ಕವನ್ನು 1900ರವರೆಗೆ ಲೋಕವು ಹೆಚ್ಚುಕಡಿಮೆ ಗಮನಿಸಲೇ ಇಲ್ಲ. ಇಂದು ಅನುವಂಶೀಯತೆಯ ಶಾಸ್ತ್ರಕ್ಕೆ ಅದೇ ತಳಹದಿ. ನಮ್ಮ ಮಕ್ಕಳೆಲ್ಲರೂ ಮೆಂಡೆಲರಾಗಬೇಕಿಲ್ಲ. ಆದರೆ ಎಲೆಯ ತೂತನ್ನೂ ಬಿಡದೆ ಬರೆದಿಟ್ಟ ಹುಡುಗನ ಮುಂದೆ ನಮ್ಮ ಕೈಚಳಕ ನಡೆಯಲಿಲ್ಲವೆಂಬುದನ್ನು ನೆನೆಯಿರಿ.

ಹೂವು, ಹೇನು, ಬಸವನಹುಳು

ಬಿತ್ತಿದ ಸುಮಾರು ನಲವತ್ತು ದಿನಗಳಿಗೆ ಬೆಂಡೆ ಹೂ ಬಿಡುತ್ತದೆ. ತಿಳಿಹಳದಿಯ ದಳ, ನಡುವೆ ಕಡುಗೆಂಪು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂ ಅದು. ಶಾಲೆಗೆ ಹೋಗುವ ಮುನ್ನವೇ ಮಗುವಿಗೆ ತೋರಿಸಬೇಕು. ಹೂ ಅರಳಿದ ಐದಾರು ದಿನಗಳಿಗೆ ಕಾಯಿ ಕೊಯ್ಯಲು ಸಿದ್ಧ. ತಡಮಾಡಿದರೆ ನಾರಾಗುತ್ತದೆ, ತುದಿ ಮುರಿದು ನೋಡುವ ಅಮ್ಮಂದಿರ ಪರೀಕ್ಷೆಯನ್ನು ಮಗುವಿಗೂ ಕಲಿಸಿ. ಬೆಂಡೆಯ ಸುಂಕು ಕೈಗೆ ತುರಿಕೆ ತರುತ್ತದೆ, ತೋಳು ಮುಚ್ಚುವ ಅಂಗಿ ಇರಲಿ.

ಹೀರೆಯ ಕಥೆ ಬೇರೆ. ಅದರ ಹೂ ಅರಳುವುದು ಸಂಜೆ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಗಂಡು ಹೂಗಳೇ ಮೊದಲು ಬಂದು ಉದುರುತ್ತವೆ. ಹೂವೆಲ್ಲ ಬಿದ್ದುಹೋಯಿತೆಂದು ಮಗು ಅಳುಮೋರೆ ಮಾಡಿದರೆ, ಕಾಯುವಂತೆ ಹೇಳಿ. ಕೆಲವು ದಿನಗಳಲ್ಲಿ, ಹಿಂಬದಿಯಲ್ಲಿ ಬೆರಳುದ್ದದ ಎಳೆಗಾಯಿಯನ್ನು ಹೊತ್ತ ಹೂ ಬರುತ್ತದೆ. ಅದೇ ಹೆಣ್ಣು ಹೂ. ಮಳೆ ಜೋರಾಗಿ ಪತಂಗಗಳು ಬಾರದಿದ್ದರೆ, ಸಂಜೆ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬಹುದು. ಪಾಠಪುಸ್ತಕದಲ್ಲಿ ಪರಾಗಸ್ಪರ್ಶವೆಂದು ಓದಿದ ಮಗುವಿಗೆ ಅದು ಏನೆಂದು ಅಂದು ತಿಳಿಯುತ್ತದೆ.

ಅಲಸಂಡೆಗೆ ಕಪ್ಪು ಹೇನು ಮುತ್ತಿದರೆ, ನೀರನ್ನು ರಭಸವಾಗಿ ಚಿಮುಕಿಸಿ ತೊಳೆಯಬಹುದು. ಬಿಡದಿದ್ದರೆ ಲೀಟರು ನೀರಿಗೆ ಐದು ಮಿಲಿಲೀಟರಿನಷ್ಟು ಬೇವಿನೆಣ್ಣೆಯನ್ನು ತುಸು ಸಾಬೂನಿನೊಡನೆ ಕದಡಿ ಸಿಂಪಡಿಸಬಹುದು. ಹೇನಿನ ಸಿಹಿದ್ರವಕ್ಕಾಗಿ ಇರುವೆಗಳು ಅವನ್ನು ಕಾಯುವುದನ್ನೂ, ಗುಲಗಂಜಿ ಹುಳುವಿನ ಮರಿಗಳು ಅವನ್ನು ತಿನ್ನುವುದನ್ನೂ ಮಕ್ಕಳು ಮೊದಲು ನೋಡಲಿ. ದೊಡ್ಡ ಆಫ್ರಿಕನ್ ಬಸವನಹುಳುಗಳು ರಾತ್ರಿ ಹೊರಡುತ್ತವೆ. ಅವುಗಳಲ್ಲಿ ಮನುಷ್ಯನಿಗೆ ಕೆಡುಕು ಮಾಡುವ ಪರೋಪಜೀವಿಗಳಿರಬಹುದಾದ ಕಾರಣ, ಹಿರಿಯರೇ ಟಾರ್ಚು ಹಿಡಿದು, ಬರಿಗೈಯಲ್ಲಿ ಮುಟ್ಟದೆ ಚಿಮುಟದಿಂದ ಆರಿಸಿ ಉಪ್ಪುನೀರಿಗೆ ಹಾಕಬೇಕು. ಮಂಗ, ನವಿಲುಗಳ ಕಾಟ ಈಗೀಗ ಹೆಚ್ಚು. ಹಳೆಯ ಮೀನುಬಲೆಯನ್ನು ಮೇಲೆ ಹರಡಿದರೆ ಸ್ವಲ್ಪಮಟ್ಟಿಗೆ ತಡೆಯಬಹುದು. ಎಷ್ಟು ಮಾಡಿದರೂ ಒಂದಿಷ್ಟು ಪಾಲು ಹೋಗಿಯೇ ಹೋಗುತ್ತದೆ.

ಹಬ್ಬದ ಲೆಕ್ಕ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮ ಕರಾವಳಿಯ ಮಂದಿಗೆ ಮೊಂತಿ ಹಬ್ಬ, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತರುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುತ್ತೇವೆ. ಅಂದಿನ ಊಟ ಮಾಂಸ, ಮೀನುಗಳಿಲ್ಲದ್ದು; ತರಕಾರಿಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಎಂದು ಬೆಸವಾಗಿರಬೇಕೆಂಬುದು ಹಿರಿಯರ ಕ್ರಮ. ಈ ಕ್ರಮ ಹುಟ್ಟಿದ್ದು ಹಿತ್ತಿಲಿನಲ್ಲಿ ಅಷ್ಟೂ ಬೆಳೆಯುತ್ತಿದ್ದ ಮನೆಗಳಲ್ಲಿ. ಇಂದು ಹಬ್ಬದ ಹಿಂದಿನ ದಿನ ಸಂತೆಯಲ್ಲಿ ಒಂದಕ್ಕೆ ಎರಡು ಬೆಲೆ ಕೊಟ್ಟು ಸಂಖ್ಯೆಯನ್ನು ತುಂಬಿಸುತ್ತೇವೆ.

ಜೂನ್ ಮೊದಲ ವಾರದಲ್ಲಿ ಬಿತ್ತಿದರೆ ಹಬ್ಬಕ್ಕೆ ಹದಿಮೂರು, ಹದಿನಾಲ್ಕು ವಾರಗಳಿರುತ್ತವೆ. ಬೆಂಡೆ, ಅಲಸಂಡೆಗಳು ಐವತ್ತು ದಿನಗಳಿಗೆ, ಹೀರೆಯು ಸುಮಾರು ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಒಂದು ಬಾರಿ ಕೆಟ್ಟರೆ ಎರಡನೆಯ ಬಾರಿ ಬಿತ್ತಲೂ ಅವಕಾಶವುಂಟು. ಏಳು ತರಕಾರಿಗಳಲ್ಲಿ ಒಂದಾದರೂ ಮಗುವಿನ ಕೈಯಿಂದ ಬಂದರೆ ಆ ಊಟದ ರುಚಿಯೇ ಬೇರೆ. ಪಲ್ಯವನ್ನು ತಟ್ಟೆಯ ಬದಿಗೆ ಸರಿಸುವ ಮಗು, ತಾನು ಬೆಳೆದುದನ್ನು ಹಾಗೆ ಸರಿಸುವುದಿಲ್ಲ ಎಂದು ಹಲವು ತಾಯಂದಿರು ನಮಗೆ ಹೇಳಿದ್ದಾರೆ.

ಆ ಹುಡುಗನ ಕಥೆಯನ್ನು ಮುಗಿಸಿಲ್ಲ. ಅವನು ಎರಡನೆಯ ಬಾರಿ ಹಾಕಿದ ಸಸಿಯನ್ನು ಬಸವನಹುಳು ತಿಂದಿತು. ಜುಲೈ ಕೊನೆಯಲ್ಲಿ ಮೂರನೆಯ ಬೀಜ ಹಾಕಿದನು. ಉಳಿದ ಮಕ್ಕಳು ಹಬ್ಬದ ಹಿಂದಿನ ದಿನ ಬೆಂಡೆ ಕೊಯ್ದು ಮನೆಗೆ ಒಯ್ದರು. ಅವನ ಗಿಡದಲ್ಲಿ ಹಬ್ಬದ ಬೆಳಿಗ್ಗೆ ಇದ್ದದ್ದು ಒಂದು ಹೂ ಮಾತ್ರ, ಮೊದಲನೆಯದು. ಎಲ್ಲರೂ ಹೂ ಬುಟ್ಟಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದಾಗ ಅವನು ಓಡಿ ಬಂದು, ಆ ಹೂವನ್ನು ಮಾತೆಗೆ ಅರ್ಪಿಸಬಹುದೇ ಎಂದು ಕೇಳಿದನು. ಅರ್ಪಿಸಬಹುದು, ಆದರೆ ಕಿತ್ತರೆ ಆ ಕಾಯಿ ಸಿಗುವುದಿಲ್ಲ ಎಂದೆವು. ಹೀಗೆ ಮಾಡು, ಹಾಗೆ ಮಾಡು ಎನ್ನಲು ನಾಲಿಗೆ ತುದಿಗೆ ಬಂದ ಮಾತನ್ನು ಈ ಬಾರಿ ನುಂಗಿಕೊಂಡೆವು. ಅವನು ಸ್ವಲ್ಪ ಹೊತ್ತು ನಿಂತು, ಬೇಲಿಯ ದಾಸವಾಳವನ್ನು ಕಿತ್ತು ಬುಟ್ಟಿಗೆ ಹಾಕಿಕೊಂಡು ಸಾಲಿಗೆ ಸೇರಿದನು. ಬೆಂಡೆಯ ಹೂ ಗಿಡದಲ್ಲೇ ಉಳಿಯಿತು. ಆರು ದಿನಗಳ ಬಳಿಕ ಒಂದೇ ಒಂದು ಕಾಯಿಯನ್ನು ಕೊಯ್ದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದನು. ಅಂದು ರಾತ್ರಿಯ ಸಾರಿನಲ್ಲಿ ಆ ಒಂದು ಬೆಂಡೆಯನ್ನು ಐದು ಮಂದಿಗೆ ಹಂಚಿದೆವೆಂದು ಅವನ ತಾಯಿ ಆಮೇಲೆ ತಿಳಿಸಿದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹತ್ತಿರವಿದ್ದುದರ ಬೆಲೆ ತಿಳಿಯುವುದಿಲ್ಲವೆಂಬುದು ಅದರ ಅರ್ಥ. ಹಿತ್ತಿಲೇ ಇಲ್ಲವಾಗುತ್ತಿರುವ ಈ ದಿನಗಳಲ್ಲಿ ಆ ಗಾದೆಯನ್ನು ಹೇಳುವುದಕ್ಕಾದರೂ ಒಂದು ಗಿಡ ಬೇಕಲ್ಲವೇ?

ಪ್ರಿಯ ತಂದೆತಾಯಿಗಳೇ, ಬರುವ ಶನಿವಾರ ಶಾಲೆಯ ಸಾಮಾನು ಕೊಳ್ಳಲು ಪೇಟೆಗೆ ಹೋಗುವ ಮುನ್ನ ಮಕ್ಕಳೊಡನೆ ಮನೆಯ ಸುತ್ತ ಒಮ್ಮೆ ನಡೆಯಿರಿ. ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ ಎಂದು ಮಕ್ಕಳೇ ನೋಡಿ ಹೇಳಲಿ. ನೆರೆಮನೆಯ ಅಜ್ಜಿಯ ಬಳಿಗೆ ಅವರನ್ನೇ ಕಳುಹಿಸಿ ಬೀಜ ಕೇಳಿ ತರಿಸಿ. ಕೊಯ್ಲು ಮುಗಿಯುತ್ತ ಬಂದಾಗ ಪ್ರತಿ ಗಿಡದಲ್ಲಿ ಎರಡು ಕಾಯಿಗಳನ್ನು ಕೊಯ್ಯದೆ ಒಣಗಲು ಬಿಡುವುದನ್ನು ಮರೆಯಬೇಡಿ. ಒಂದರ ಬೀಜ ಮುಂದಿನ ವರ್ಷಕ್ಕೆ. ಇನ್ನೊಂದರ ಬೀಜವನ್ನು ಆ ಅಜ್ಜಿಗೆ ಮರಳಿಸಬೇಕು.